ಪೆದ್ದು ಹಾಡಿನ ನಿರ್ಣಯ: ಒಂದು ವಾಕ್ಯಕ್ಕೆ ಟೀಕೆ

ಮೂಲವಾಕ್ಯ: ಮಕ್ಕಳು ಹಾಡುವ ಹಾಡುಗಳೊಳಗೆ ಎಲ್ಲಕ್ಕಿಂತ ಪೆದ್ದಾದುದು ಆನೆಯ ಹಾಡೇ.

ಮೊದಲಿಗೆ ಅವತಾರಿಕೆ, ಎಂದರೆ ಈ ವಾಕ್ಯ ಹುಟ್ಟಿದ ಸಂದರ್ಭ. ಬೇಸಗೆ ರಜೆಯಲ್ಲಿ ನೆಂಟರಿಷ್ಟರು ಒಂದೆಡೆ ಸೇರಿ, ಊಟವಾಗಿ, ಎಲೆಯಡಿಕೆಯ ತಟ್ಟೆ ಒಂದು ಸುತ್ತು ಬಂದ ಮೇಲೆ ಜಗಲಿಯಲ್ಲಿ ಒಂದು ತರ್ಕ ಏಳುವುದುಂಟು. ಚಿಕ್ಕಂದಿನಲ್ಲಿ ಬಾಯಿಪಾಠವಾದ ಹಾಡುಗಳಲ್ಲಿ ತೀರಾ ಪೆದ್ದು ಯಾವುದು ಎಂಬುದೇ ಆ ತರ್ಕದ ವಿಷಯ. ನ್ಯಾಯಶಾಸ್ತ್ರಜ್ಞರು ಮಾತಿನ ಕಾಳಗವನ್ನು ಮೂರಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ತಿಳಿಯಲೆಂದು ನಡೆಯುವುದು ವಾದ; ಗೆಲ್ಲಲೆಂದು ನಡೆಯುವುದು ಜಲ್ಪ; ತನ್ನದೆಂಬ ಪಕ್ಷವನ್ನೇ ಹೂಡದೆ ಎದುರಿನವರದನ್ನು ಕೆಡವಲೆಂದು ನಡೆಯುವುದು ವಿತಂಡ. ಜಗಲಿಯ ತರ್ಕದಲ್ಲಿ ಜಲ್ಪದ ಗದ್ದಲವೂ ಇದೆ, ವಿತಂಡದ ಹಟವೂ ಇದೆ. ಆದರೂ ಸೋತವರಿಗೆ ಯಾವ ನಷ್ಟವೂ ಇಲ್ಲವಾದ್ದರಿಂದ ಅದನ್ನು ವಾದವೆಂದೇ ಎಣಿಸಿ, ಅದರ ನಿರ್ಣಯವಾದ ಮೇಲಿನ ವಾಕ್ಯವನ್ನು ಪದಪದವಾಗಿ ಬಿಡಿಸಲಾಗುತ್ತದೆ.

‘ಮಕ್ಕಳು’ ಎಂಬುದು ಕರ್ತೃಪದ. ಹಾಡುವ ಕ್ರಿಯೆಯನ್ನು ನಡೆಸುವವರು ಯಾರೆಂಬುದನ್ನು ಅದು ಹೇಳುತ್ತದೆ. ‘ಮಕ್ಕಳಿಗಾಗಿ’ ಎಂದು ಹೇಳದೆ ‘ಮಕ್ಕಳು’ ಎಂದದ್ದು ಗಮನಾರ್ಹ. ಇದರಿಂದ ಜೋಗುಳಗಳು ಈ ಸ್ಪರ್ಧೆಯ ಹೊರಗಾದವು. ಜೋಗುಳದಲ್ಲಿ ಹಾಡುವವಳು ತಾಯಿ ಅಥವಾ ಅಜ್ಜಿ. ಮಗು ಕೇಳುವುದು ಮಾತ್ರ, ಅದೂ ನಿದ್ದೆ ಬರುವ ತನಕ. ಆನೆಯ ಹಾಡನ್ನು ದೊಡ್ಡವರೂ ಹೇಳಿಕೊಡುತ್ತಾರಲ್ಲ ಎಂದು ಶಂಕಿಸಿದರೆ, ಸಮಾಧಾನವಿದು: ದೊಡ್ಡವರು ಪ್ರಶ್ನೆಯ ಪಾದವನ್ನು ಎತ್ತಿಕೊಟ್ಟರೂ ಉತ್ತರದ ಪಾದವನ್ನು ಕಿರುಚಿ ಹೇಳುವುದು ಮಗುವೇ. ಹಾಡಿನ ಒಡೆತನ ಉತ್ತರ ಹೇಳುವ ಬಾಯಿಗೆ ಸೇರಿದ್ದು.

‘ಹಾಡುವ’ ಎಂಬುದು ರೂಢಿಯನ್ನು ಸೂಚಿಸುತ್ತದೆ. ಪಠ್ಯಪುಸ್ತಕದಲ್ಲಿ ಅಚ್ಚಾಗಿ, ಪರೀಕ್ಷೆಗೆಂದು ಉರುಹೊಡೆದು, ಪರೀಕ್ಷೆಯ ಮರುದಿನ ಮರೆತುಹೋಗುವ ಪದ್ಯಗಳಿಗೆ ಇಲ್ಲಿ ಪ್ರವೇಶವಿಲ್ಲ. ಮೇಷ್ಟ್ರು ಎದುರಿಗಿಲ್ಲದಾಗಲೂ ಬಾಯಿಗೆ ಬರುವುದೇ ಹಾಡು.

‘ಹಾಡುಗಳೊಳಗೆ’ ಎಂಬುದು ನಿರ್ಧಾರಣೆ, ಎಂದರೆ ಗುಂಪಿನೊಳಗಿಂದ ಒಂದನ್ನು ಬೇರೆ ತೆಗೆಯುವಿಕೆ. ಹಾಗೆ ತೆಗೆಯಬೇಕಾದರೆ ಗುಂಪಿನಲ್ಲಿ ಯಾರಿದ್ದಾರೆಂದು ಮೊದಲು ತಿಳಿಯಬೇಕು. ಜಗಲಿಯಲ್ಲಿ ಮುಂದಿಟ್ಟ ಹಾಡುಗಳು ಹಲವು, ತೂಕದವು ಐದಾರು. ಒಂದು, ಅವಲಕ್ಕಿಯಿಂದ ಮೊದಲಾಗುವ ಎಣಿಕೆಯ ಹಾಡು. ಮಕ್ಕಳು ಸುತ್ತ ಕುಳಿತು ಅಂಗೈಗಳನ್ನು ನೆಲಕ್ಕೂರಿದಾಗ ಒಬ್ಬರು ಕೈಯಿಂದ ಕೈಗೆ ಬೆರಳಿಡುತ್ತ ಇದನ್ನು ಹೇಳುತ್ತಾರೆ. ಕೊನೆಯ ಸದ್ದು ಯಾರ ಕೈಮೇಲೆ ಬಿತ್ತೋ ಆ ಕೈ ಮಡಿಸಬೇಕು. ಅವಲಕ್ಕಿ, ಅದರ ಬೆನ್ನಿಗೇ ಅದರ ಪ್ರತಿಧ್ವನಿ, ಆಮೇಲೆ ಚಿನ್ನ, ಆಮೇಲೆ ಸಿಡಿಮದ್ದಿನಂಥ ಸದ್ದುಗಳು, ಇಷ್ಟೇ ಅದರ ಸಾಮಗ್ರಿ. ಎರಡನೆಯದು ಕಣ್ಣಾಮುಚ್ಚಾಲೆಯ ಹಾಡು. ಅದರಲ್ಲಿ ಉದ್ದಿನ ಮೂಟೆಯೊಂದು ಉರುಳಿಹೋಗುತ್ತದೆ, ಹಕ್ಕಿಗಳನ್ನು ಬಿಡುತ್ತಾರೆ, ಬಚ್ಚಿಟ್ಟುಕೊಳ್ಳಿರೆಂದು ಅಪ್ಪಣೆಯಾಗುತ್ತದೆ. ಮೂರನೆಯದು ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಹಾಡು. ನಾಲ್ಕನೆಯದು ನಾಯಿಮರಿಗೆ ತಿಂಡಿ ಕೊಡುವ ಹಾಡು. ಐದನೆಯದು ಕವಿಶಿಷ್ಯ ಎಂಬ ಹೆಸರಿನಿಂದ ಬರೆಯುತ್ತಿದ್ದ ಪಂಜೆ ಮಂಗೇಶರಾಯರ ನಾಗರಹಾವಿನ ಹಾಡು. ಯಾರೋ ಒಬ್ಬರು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೂ ಎಳೆತಂದರು. ಬ್ರೌನಿಂಗ್ ಕವಿಯ ಕಥನವನ್ನು ಕನ್ನಡದ ಮಣ್ಣಿಗೆ ಇಳಿಸಿದ ಆ ಕೃತಿಯಲ್ಲಿ ಕೊಟ್ಟ ಮಾತಿದೆ, ತಪ್ಪಿದ ಮಾತಿದೆ, ಅದಕ್ಕೆ ತಕ್ಕ ದಂಡವೂ ಇದೆ. ಇಷ್ಟು ನ್ಯಾಯವಿರುವುದನ್ನು ಪೆದ್ದೆನ್ನುವುದು ಹೇಗೆ? ಅದನ್ನು ಕೂಡಲೇ ಕೈಬಿಡಲಾಯಿತು.

‘ಎಲ್ಲಕ್ಕಿಂತ’ ಎಂಬುದು ತರತಮವನ್ನು, ಹೆಚ್ಚು ಕಡಿಮೆಯನ್ನು, ಹೇಳುವ ಪದ. ಅಳತೆಗೋಲಿಲ್ಲದೆ ತರತಮವಿಲ್ಲ. ಆ ಅಳತೆಗೋಲು ಮುಂದಿನ ಪದದಲ್ಲಿದೆ.

‘ಪೆದ್ದಾದುದು’: ಈ ಪದದಲ್ಲಿಯೇ ವಾಕ್ಯದ ಭಾರವೆಲ್ಲ ನಿಂತಿದೆ, ಆದ್ದರಿಂದ ಇಲ್ಲಿ ನಿಧಾನವಾಗಿ ನಡೆಯತಕ್ಕದ್ದು. ಪೆದ್ದೆಂದರೆ ಅರ್ಥವಿಲ್ಲದ್ದು ಎಂಬುದು ಪೂರ್ವಪಕ್ಷ, ಎಂದರೆ ಮೊದಲು ತೋರಿ ಆಮೇಲೆ ಬಿದ್ದುಹೋಗುವ ಅಭಿಪ್ರಾಯ. ಆಲಂಕಾರಿಕನಾದ ದಂಡಿ ಕಾವ್ಯಾದರ್ಶದಲ್ಲಿ ಹತ್ತು ಕಾವ್ಯದೋಷಗಳನ್ನು ಎಣಿಸುವಾಗ ಮೊದಲಿಗೇ ‘ಅಪಾರ್ಥ’ವನ್ನು ಹೇಳುತ್ತಾನೆ. ಬಿಡಿಬಿಡಿಯಾಗಿ ಮಾತುಗಳಿಗೆ ಅರ್ಥವಿದ್ದರೂ ಒಟ್ಟಿನಲ್ಲಿ ಒಂದು ಅರ್ಥ ಕೂಡದಿರುವುದೇ ಅಪಾರ್ಥ. ಆದರೆ ಅಲ್ಲಿಯೇ ಒಂದು ವಿನಾಯಿತಿಯನ್ನೂ ಕೊಡುತ್ತಾನೆ: ಹುಚ್ಚರು, ಕುಡಿದು ಮತ್ತರಾದವರು, ಮಕ್ಕಳು ಈ ಮೂವರ ಮಾತಿನಲ್ಲಿ ಅಪಾರ್ಥವು ದೋಷವಲ್ಲ, ಬೇರೆಡೆಯಲ್ಲಿ ಮಾತ್ರ ದೋಷ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ದಂಡಿಯನ್ನು ಬಹುವಾಗಿ ಆಶ್ರಯಿಸಿ ನಡೆದ ಗ್ರಂಥವಾದ್ದರಿಂದ, ಕನ್ನಡದ ಕಾವ್ಯವಿಚಾರಕ್ಕೆ ಈ ದಂಡಿ ಹೊರಗಿನವನೇನಲ್ಲ. (ಪ್ರಾಸಂಗಿಕವಾಗಿ ಒಂದು ಮಾತು. ದಂಡಿ ವಿನಾಯಿತಿ ಕೊಟ್ಟ ಮೂವರಲ್ಲಿ ಇಬ್ಬರ ಬಾಯಿಗೆ ರಾಜರತ್ನಂ ಹಾಡು ಕೊಟ್ಟಿದ್ದಾರೆ. ‘ರತ್ನನ ಪದಗಳು’ ಎಂಡ ಕುಡಿದವನ ಬಾಯಲ್ಲಿ ಬಂದವು, ತುತ್ತೂರಿ ಮಗುವಿನ ಬಾಯಿಗೆ ಹೋಯಿತು. ಆದರೆ ಎರಡು ಕಡೆಯೂ ಅವರು ವಿನಾಯಿತಿಯನ್ನು ಬಳಸಿಕೊಳ್ಳಲಿಲ್ಲ; ಕುಡುಕ ರತ್ನನ ಮಾತಿನಷ್ಟು ಅರ್ಥ ಕೂಡಿದ ಮಾತು ಅಪರೂಪ.)

ದೋಷವಲ್ಲವೆಂದ ಮೇಲೆ ಅರ್ಥವಿಲ್ಲದಿರುವಿಕೆಯನ್ನೇ ಪೆದ್ದುತನದ ಲಕ್ಷಣವೆನ್ನಲು ಬಾರದು. ಲಕ್ಷಣವನ್ನು ಬೇರೆಡೆ ಹುಡುಕಬೇಕು. ಹದಿನೇಳನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ವಾಕ್ಯವು ವಾಕ್ಯವಾಗಲು ಮೂರು ಬೇಕೆಂದಿದೆ. ಒಂದು ಪದ ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ಹೇಳಿದ್ದು ಲೋಕದಲ್ಲಿ ನಡೆಯಬಲ್ಲದ್ದಾಗಿರುವುದು ಯೋಗ್ಯತೆ. ಪದಗಳನ್ನು ತಡವಿಲ್ಲದೆ ಒಂದರ ಬಳಿ ಒಂದು ನುಡಿಯುವುದು ಸನ್ನಿಧಿ. ಹಸು, ಕುದುರೆ, ಮನುಷ್ಯ, ಆನೆ ಎಂದು ಸುಮ್ಮನೆ ಹೆಸರು ಹೇಳುತ್ತ ಹೋದರೆ ಅಲ್ಲಿ ಆಕಾಂಕ್ಷೆಯಿಲ್ಲ. ಬೆಂಕಿಯಿಂದ ನೆನೆಸುತ್ತಾನೆ ಎಂದರೆ ಯೋಗ್ಯತೆಯಿಲ್ಲ. ‘ಹಸುವನ್ನು’ ಎಂದು ಈಗ ಹೇಳಿ ‘ತಾ’ ಎಂದು ಒಂದು ಜಾವ ಕಳೆದು ಹೇಳಿದರೆ ಸನ್ನಿಧಿಯಿಲ್ಲ. ಉದಾಹರಣೆಗೆ ಹುಡುಕಾಡಿದ ತಾರ್ಕಿಕನಿಗೂ ಆನೆಯೇ ಸಿಕ್ಕಿದ್ದು ಪ್ರಕೃತಕ್ಕೆ ಶುಭಸೂಚನೆ.

ಈ ಮೂರರಿಂದ ಹಾಡುಗಳನ್ನು ಅಳೆಯಲಾಗಿ, ಅವಲಕ್ಕಿಯ ಹಾಡಿಗೆ ಮೊದಲನೆಯದೇ ಇಲ್ಲ. ಅವಲಕ್ಕಿ ಚಿನ್ನವನ್ನು ಬಯಸದು, ಚಿನ್ನ ಸಿಡಿಮದ್ದನ್ನು ಬಯಸದು. ಅದು ಕೈಗಳನ್ನು ಎಣಿಸುವ ಲೆಕ್ಕದ ಸದ್ದು. ಮೃದಂಗದ ಸೊಲ್ಲುಕಟ್ಟನ್ನು ಕೇಳಿ ಯಾರೂ ಪೆದ್ದೆನ್ನುವುದಿಲ್ಲ, ಇದನ್ನೂ ಹಾಗೆನ್ನಬಾರದು. ಆದುದರಿಂದ ಅದು ಸ್ಪರ್ಧೆಯಿಂದ ಹೊರಬಿತ್ತು.

ಕಣ್ಣಾಮುಚ್ಚಾಲೆಯ ಹಾಡಿನ ಪರವಾಗಿ ವಾದಿಸಿದವರು ಉದ್ದಿನ ಮೂಟೆಯನ್ನು ಬಲವಾಗಿ ಹಿಡಿದರು. ಆಟಕ್ಕೂ ಉದ್ದಿಗೂ ಏನು ಸಂಬಂಧ ಎಂಬುದು ಅವರ ಪ್ರಶ್ನೆ. ಮೀಮಾಂಸಕರ ಕ್ರಮದಲ್ಲಿ ಇದಕ್ಕೆ ಉತ್ತರವಿದೆ. ವೇದದಲ್ಲಿ ‘ಇದನ್ನು ಮಾಡು’ ಎಂಬ ಮಾತು ವಿಧಿ. ಅದರ ಸುತ್ತ ಬರುವ ಕಥೆ, ಹೊಗಳಿಕೆಗಳು ಅರ್ಥವಾದ, ಎಂದರೆ ವಿಧಿಯತ್ತ ಮನಸ್ಸನ್ನು ಎಳೆಯುವ ಮಾತು. ಈ ಹಾಡಿನಲ್ಲಿ ಅಡಗಿಕೊಳ್ಳಿರೆಂಬುದು ವಿಧಿ. ಉದ್ದಿನ ಮೂಟೆ ಅರ್ಥವಾದ. ಮೂಟೆ ಉರುಳುವಷ್ಟು ಹೊತ್ತು ಕಣ್ಣು ಮುಚ್ಚಿರುತ್ತದೆ, ಅಷ್ಟರಲ್ಲಿ ಮಕ್ಕಳು ಕಣಜದ ಹಿಂದೆ ಸೇರಿರುತ್ತಾರೆ. ವಿಧಿಯುಳ್ಳ ಹಾಡು ಪೆದ್ದಲ್ಲ. ಈಚೆಗೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಒಂದು ವ್ಯಾಖ್ಯಾನವು ಇದೇ ಹಾಡಿನ ಕಾಡು, ಹಕ್ಕಿಗಳಲ್ಲೆಲ್ಲ ರಾಮಾಯಣವನ್ನು ಕಾಣುತ್ತದೆ. ಅಲ್ಲಮಪ್ರಭುವಿನ ಬೆಡಗಿನ ವಚನ, ಕನಕದಾಸರ ಮುಂಡಿಗೆ ಇವುಗಳಲ್ಲಿ ಕವಿಯೇ ಗುಟ್ಟನ್ನು ಇಟ್ಟಿದ್ದಾನೆ, ಟೀಕಾಕಾರ ಅದನ್ನು ಒಡೆದು ತೋರಿಸುತ್ತಾನೆ. ಯಾರೂ ಇಡದ ಗುಟ್ಟನ್ನು ಒಡೆಯುವುದು ಟೀಕೆಯಲ್ಲ. ಆಡುವ ಮಗುವಿಗೆ ಉದ್ದು ಉದ್ದೇ ಆಗಿರಲಿ.

ತುತ್ತೂರಿಯ ಹಾಡಿನಲ್ಲಿ ಕಸ್ತೂರಿಯೆಂಬ ಮಗು ಬಣ್ಣದ ತಗಡಿನ ತುತ್ತೂರಿಯನ್ನು ಕೊಂಡು, ತನಗೊಬ್ಬನಿಗೇ ಇದು ಇರುವುದೆಂದು ಬೀಗಿ ನಡೆದು, ಕೊಳದ ಬಳಿ ತುತ್ತೂರಿ ನೀರಿಗೆ ಜಾರಿ, ಅದರ ಬಣ್ಣ ನೀರುಪಾಲಾಗಿ, ಕಡೆಗೆ ಗೋಳಾಡುತ್ತದೆ. ಇಲ್ಲಿ ಕಾರ್ಯಕಾರಣಗಳ ಸರಪಳಿ ಎಲ್ಲಿಯೂ ತುಂಡಾಗಿಲ್ಲ. ಜಂಬ ಕಾರಣ, ಜಾರುವುದು ಕಾರ್ಯ. ನಾಯಿಮರಿಯ ಹಾಡು ಇನ್ನೂ ವ್ಯಾವಹಾರಿಕ. ತಿಂಡಿ ಏಕೆ ಬೇಕು, ಗಟ್ಟಿಯಾಗಲು. ಗಟ್ಟಿಯಾಗಿ ಏನು ಮಾಡುವೆ, ಕಳ್ಳನನ್ನು ಹಿಡಿಯುವೆ. ಇದು ಕೆಲಸಕ್ಕೆ ಸೇರಿಸಿಕೊಳ್ಳುವವರು ನಡೆಸುವ ಸಂದರ್ಶನವಲ್ಲದೆ ಮತ್ತೇನು? ಸಂಬಳವೂ ನಿಗದಿಯಾಗಿದೆ, ಹೊಣೆಯೂ ನಿಗದಿಯಾಗಿದೆ. ಪೆದ್ದೆಂಬ ಆರೋಪ ಇವೆರಡರ ಮೇಲೂ ನಿಲ್ಲದು.

ನಾಗರಹಾವಿನ ಹಾಡು ಯೋಗ್ಯತೆಯ ಪರೀಕ್ಷೆಯಲ್ಲಿ ಸೋಲುತ್ತದೆಂದು ಒಂದು ಪಕ್ಷ. ಹಾವಿಗೆ ಹೊರಗಿವಿಯಿಲ್ಲ, ಅದಕ್ಕೆ ಕೊಳಲೂದುವುದೇಕೆ? ಹಾಲು ಹಾವಿನ ಆಹಾರವಲ್ಲ, ಅದನ್ನು ಕೊಡುವೆನೆನ್ನುವುದೇಕೆ? ಇಷ್ಟಕ್ಕೂ ಬಾ ಎಂದು ಅಷ್ಟು ಸಲ ಕರೆದವರು ಕೊನೆಗೆ ಹೋಗು ಎಂದು ಕೈಮುಗಿಯುವುದೇಕೆ? ಈ ಪಕ್ಷ ಬಲವಾಗಿ ತೋರಿದರೂ ನಿಲ್ಲುವುದಿಲ್ಲ. ಬಾ ಎಂಬುದು ಹಾವು ದೂರದಲ್ಲಿದ್ದಾಗಿನ ಧೈರ್ಯ. ಹೋಗು ಎಂಬುದು ಅದು ನಿಜವಾಗಿ ಹೆಡೆಯೆತ್ತಿದಾಗಿನ ಭಯ. ಒಂದೇ ಬಾಯಿಯಲ್ಲಿ ಎರಡೂ ಬರುವುದು ಲೋಕಾನುಭವಕ್ಕೆ ವಿರುದ್ಧವಲ್ಲ. ನಡುವೆ ಬಡವನಿಗೆ ಒಂದು ಕೊಪ್ಪರಿಗೆ ಚಿನ್ನವನ್ನು ಕೇಳಿಕೊಳ್ಳುವ ಜಾಣತನ ಬೇರೆ. ವಿಚಾರಿಸಿ ನೋಡಿದರೆ ಇದೇ ಗುಂಪಿನಲ್ಲೆಲ್ಲ ಹೆಚ್ಚು ಬುದ್ಧಿಯುಳ್ಳ ಹಾಡು.

ಇಷ್ಟರಿಂದ ಲಕ್ಷಣವು ತಾನಾಗಿ ತೋರುತ್ತದೆ. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಈ ಮೂರೂ ಕುಂದಿಲ್ಲದೆ ಇದ್ದು, ಪ್ರಶ್ನೆಗೆ ಉತ್ತರವೂ ಉತ್ತರಕ್ಕೆ ಕಾರಣವೂ ಸಾಲಾಗಿ ಬಂದು, ಆದರೂ ಹೊರಟ ವಿಷಯವೇ ನಡುದಾರಿಯಲ್ಲಿ ಕಳೆದುಹೋದರೆ ಅದು ಪೆದ್ದು. ಬುದ್ಧಿಯಿಲ್ಲದ ಕಡೆ ಪೆದ್ದುತನಕ್ಕೂ ಸ್ಥಳವಿಲ್ಲ. ಕಲ್ಲನ್ನು ಯಾರೂ ಪೆದ್ದೆಂದು ಬೈಯುವುದಿಲ್ಲವಷ್ಟೆ.

‘ಆನೆಯ ಹಾಡು’ ಎಂಬಲ್ಲಿ ಆ ಹಾಡಿನ ಪಾದಗಳನ್ನು ಒಂದೊಂದಾಗಿ ನೋಡಬೇಕು. ಮೊದಲ ಪಾದವು ಆನೆಯ ಬರವನ್ನು ಸಾರುತ್ತದೆ. ಅಷ್ಟು ಚಿಕ್ಕ ಪಾದದಲ್ಲಿ ಆನೆಯ ಹೆಸರು ಎರಡು ಸಲ ಬಂದಿರುವುದರಿಂದ ಪುನರುಕ್ತಿ, ಎಂದರೆ ಹೇಳಿದ್ದನ್ನೇ ಹೇಳಿದ ದೋಷ, ತಗಲುವುದೆಂದು ಶಂಕೆ. ಭಾವದ ಅತಿಶಯವಿದ್ದಲ್ಲಿ ಪುನರುಕ್ತಿ ದೋಷವಲ್ಲವೆಂದು ದಂಡಿಯೇ ಒಪ್ಪಿದ್ದಾನೆ. ಬೀದಿಯಲ್ಲಿ ಆನೆಯನ್ನು ಕಂಡ ಮಗು ಅದರ ಹೆಸರನ್ನು ಒಂದೇ ಸಲ ಹೇಳಿ ಸುಮ್ಮನಾದೀತೇ?

ಎರಡನೆಯ ಪಾದವು ಆನೆಯ ಊರನ್ನು ಕೇಳುತ್ತದೆ. ಬಂದವರನ್ನು ಯಾವ ಊರು ಎಂದು ವಿಚಾರಿಸುವುದು ಈ ನಾಡಿನ ಮರ್ಯಾದೆ. ಆನೆಗೂ ಅದು ಸಲ್ಲುತ್ತದೆ. ಆದರೆ ಉತ್ತರ ಹೇಳಿದವರು ಯಾರು? ಆನೆಯಂತೂ ಅಲ್ಲ. ಮಾವುತನ ಹೆಸರು ಹಾಡಿನಲ್ಲಿ ಎಲ್ಲಿಯೂ ಇಲ್ಲ. ಕೇಳಿದ ಮಗುವೇ ಹೇಳಿಕೊಂಡಿತೆಂದು ಊಹಿಸಬೇಕು. ಹಾಗಾದರೆ ಗೊತ್ತಿದ್ದೂ ಕೇಳಿದ್ದೇಕೆಂಬ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಪೆದ್ದುತನದ ಮೊದಲ ಕುರುಹು ಇದು.

ಮೂರನೆಯ ಪಾದದಲ್ಲಿ ಪಾಠಾಂತರವಿದೆ, ಎಂದರೆ ಹಾಡುವ ಬಾಯಿಗೆ ತಕ್ಕಂತೆ ಮಾತು ಬೇರೆಯಾಗಿದೆ. ಕೆಲವರು ಬಿಜಾಪುರವೆನ್ನುತ್ತಾರೆ, ಕೆಲವರು ಸಿದ್ದಾಪುರವೆನ್ನುತ್ತಾರೆ. ಸಿದ್ದಾಪುರದ ಪಾಠ ಸುಲಭ. ಕೊಡಗಿನ ಸಿದ್ದಾಪುರವನ್ನು ಹಿಡಿದರೆ, ಅಲ್ಲಿನ ಕಾಫಿತೋಟಗಳಿಗೆ ಆನೆ ಬರುವುದು ಹಾಡಿನ ವಿಷಯವಲ್ಲ, ದಿನದ ಸುದ್ದಿ. 2023ರ ಗಣತಿಯಲ್ಲಿ ರಾಜ್ಯದ ಕಾಡಾನೆಗಳ ಸಂಖ್ಯೆಯನ್ನು 6,395 ಎಂದು ಅಂದಾಜಿಸಿದರು. ಅವುಗಳ ನೆಲೆ ಬಹುಮಟ್ಟಿಗೆ ತೆಂಕಣ ಕಾಡುಗಳು. ಬಿಜಾಪುರದ ಪಾಠವಾದರೋ ಕ್ಲಿಷ್ಟ, ಅದಕ್ಕಾಗಿಯೇ ರಸವತ್ತು. ಬಯಲುಸೀಮೆಯಲ್ಲಿ ಆನೆಯೆಲ್ಲಿಯದು ಎಂದರೆ ಯೋಗ್ಯತೆ ಕೆಟ್ಟಂತೆ ಕಾಣುತ್ತದೆ. ಆದರೆ ಆ ಊರು 1686ರಲ್ಲಿ ಔರಂಗಜೇಬನ ವಶವಾಗುವ ತನಕ ಆದಿಲಶಾಹಿಗಳ ರಾಜಧಾನಿ; ಅವರ ಸೇನೆಯಲ್ಲಿ ಆನೆಗಳಿದ್ದವು. ಎರಡನೆಯ ಇಬ್ರಾಹಿಂ ಆದಿಲಶಾಹನಂತೂ ಆತಶ್ ಖಾನ್ ಎಂಬ ತನ್ನ ಮೆಚ್ಚಿನ ಆನೆಯನ್ನು ತಾನು ರಚಿಸಿದ ‘ಕಿತಾಬ್-ಎ-ನವರಸ್’ ಎಂಬ ಗೀತಗಳ ಪುಸ್ತಕದಲ್ಲಿಯೇ ನೆನೆದಿದ್ದಾನೆ. ಹಾಡಿನ ಆನೆ ಅದರ ವಂಶದ್ದೆಂದು ಹೇಳಲು ಆಧಾರವಿಲ್ಲ. ಬಿಜಾಪುರದಲ್ಲಿ ಆನೆಯಿದ್ದೀತು ಎಂಬುದಕ್ಕೆ ಮಾತ್ರ ಇದು ಸಾಕು. ಊರಿನ ಹೆಸರು 2014ರಲ್ಲಿ ವಿಜಯಪುರವೆಂದಾದರೂ ಹಾಡಿನ ಆನೆ ಇನ್ನೂ ಹಳೆಯ ವಿಳಾಸದಿಂದಲೇ ಬರುತ್ತಿದೆ.

ಮುಂದಿನೆರಡು ಪಾದಗಳು ಇಲ್ಲಿಗೇಕೆ ಬಂದಿತೆಂಬ ಪ್ರಶ್ನೆ ಮತ್ತು ದಾರಿ ತಪ್ಪಿ ಬಂದಿತೆಂಬ ಉತ್ತರ. ಪ್ರಶ್ನೆ ಪ್ರಯೋಜನವನ್ನು ಕೇಳಿತು, ಉತ್ತರವು ಪ್ರಯೋಜನವಿಲ್ಲವೆಂದು ಹೇಳಿತು. ಇದು ಉತ್ತರವೂ ಹೌದು, ಅಲ್ಲವೂ ಹೌದು. ಗಜಶಾಸ್ತ್ರವನ್ನು ಬಲ್ಲವರು ಆನೆಯ ನೆನಪಿನ ಶಕ್ತಿಯನ್ನು ಹೊಗಳುತ್ತಾರೆ. ತಲೆತಲಾಂತರದ ಆನೆದಾರಿಗಳನ್ನು ಹಿಂಡಿನ ಹಿರಿಯ ಹೆಣ್ಣಾನೆ ಮರೆಯದೆ ನಡೆಸುತ್ತದೆ. ಲೋಕದಲ್ಲಿ ದಾರಿ ತಪ್ಪಲು ಎಷ್ಟೋ ಪ್ರಾಣಿಗಳಿರುವಾಗ ಹಾಡು ಆನೆಯನ್ನೇ ಆರಿಸಿತು.

ಆರು, ಏಳನೆಯ ಪಾದಗಳಲ್ಲಿ ಹಾದಿಗೊಂದರಂತೆಯೂ ಬೀದಿಗೊಂದರಂತೆಯೂ ದುಡ್ಡು ಬರುತ್ತದೆ. ದುಡ್ಡೆಂದರೆ ಇಲ್ಲಿ ಹಣವೆಂಬ ಸಾಮಾನ್ಯಾರ್ಥವಲ್ಲ. 1957ರಲ್ಲಿ ದಶಮಾಂಶ ನಾಣ್ಯ ಬರುವುದಕ್ಕೆ ಹಿಂದಿನ ಕಾಲದ ತಾಮ್ರದ ಪುಟ್ಟ ಬಿಲ್ಲೆ. ಆನೆಯನ್ನು ಬೀದಿಯಲ್ಲಿ ನಡೆಸಿ, ಸೊಂಡಿಲಿಗೆ ನಾಣ್ಯ ಕೊಟ್ಟವರ ತಲೆಯ ಮೇಲೆ ಆಶೀರ್ವಾದ ಮಾಡಿಸುವ ಪದ್ಧತಿ ನಾಡಿನಲ್ಲಿದ್ದದ್ದರಿಂದ ಯೋಗ್ಯತೆಗೆ ಕೊರತೆಯಿಲ್ಲ. ಆದರೆ ಹಿಂದಿನ ಪಾದದೊಡನೆ ಇದನ್ನು ಕೂಡಿಸಿದಾಗ ವಿರೋಧ ಎದ್ದು ಕಾಣುತ್ತದೆ. ದಾರಿ ತಪ್ಪಿದ ಆನೆ ಒಂದು ಹಾದಿಯನ್ನೂ ಬಿಡದೆ, ಒಂದು ಬೀದಿಯನ್ನೂ ತಪ್ಪದೆ, ಸುತ್ತಿ ವಸೂಲಿ ಮಾಡಿದ್ದು ಹೇಗೆ? ಹೀಗೆ ದಾರಿ ತಪ್ಪುವುದಾದರೆ ಎಲ್ಲರೂ ತಪ್ಪಿಯಾರು. ಮಾವುತನ ಹೆಸರನ್ನು ಹಾಡು ಏಕೆ ಮರೆಮಾಡಿತೆಂಬುದು ಈಗ ಸ್ವಲ್ಪ ಹೊಳೆಯುತ್ತದೆ.

ಎಂಟನೆಯ ಪಾದದಿಂದಾಚೆಗೆ ಆ ದುಡ್ಡಿಗೆ ಸೇರಿನ ಲೆಕ್ಕದಲ್ಲಿ ಕೊಬ್ಬರಿಯನ್ನು ಕೊಳ್ಳುತ್ತಾರೆ. ಸೇರೆಂಬುದು ಕಿಲೋ ಬರುವ ಮುಂಚಿನ ಅಳತೆ. ಕೊಬ್ಬರಿಯೆಂದರೆ ಹಸಿ ತೆಂಗಿನಕಾಯಲ್ಲ. ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು, ತಿರುಳು ಚಿಪ್ಪಿನಿಂದ ಬಿಟ್ಟು ಒಳಗೆ ಗಡಗಡ ಎನ್ನುವಾಗ ಒಡೆದು ತೆಗೆದ ಉಂಡೆ. ತಿಪಟೂರಿನ ಮಾರುಕಟ್ಟೆ ಹೆಸರಾಗಿರುವುದು ಇದಕ್ಕೇ. ಕಬ್ಬು, ಬಾಳೆ, ಬೆಲ್ಲ ಇವು ಆನೆಗೆ ಪ್ರಿಯವೆಂದು ಎಲ್ಲರೂ ಬಲ್ಲರು. ಹಾಡು ಕೊಬ್ಬರಿಯನ್ನು ತಂದಿತು. ಏಕೆಂದು ಮುಂದಿನ ಪಾದ ತಿಳಿಸುತ್ತದೆ. ಕೊಬ್ಬರಿಯನ್ನು ಸದ್ದಾಗುವಂತೆ ಮುರಿಯುತ್ತಾರೆ; ಕೊನೆಯ ಪಾದಗಳು ಊರಿಂದೂರಿಗೆ ಬದಲಾದರೂ ಮುರಿದ ಹೋಳು ಮಕ್ಕಳ ಪಾಲಾಗುವುದೇ ಹೆಚ್ಚು. ಸಿದ್ಧಾಂತದ ಜೀವ ಇರುವುದು ಇಲ್ಲಿ. ಆನೆ ಎಲ್ಲಿ ಹೋಯಿತು? ದಾರಿ ತಪ್ಪಿತೆಂದು ಹೇಳಿದ ಪಾದದ ನಂತರ ಆನೆಯ ಸುದ್ದಿಯೇ ಇಲ್ಲ. ಮೊದಲರ್ಧಕ್ಕೆ ನಾಯಕ ಆನೆ, ಕೊನೆಯರ್ಧಕ್ಕೆ ಕೊಬ್ಬರಿ. ಯಾರ ಹೆಸರಿನಲ್ಲಿ ದುಡ್ಡು ಕೂಡಿತೋ ಅದಕ್ಕೆ ಒಂದು ಹೋಳೂ ಸಿಗಲಿಲ್ಲ, ದಾರಿಯನ್ನೂ ಯಾರೂ ತೋರಿಸಲಿಲ್ಲ. ಪ್ರತಿ ಪಾದವೂ ಹಿಂದಿನ ಪಾದದ ಕೈಹಿಡಿದೇ ನಡೆದಿದೆ, ಎಲ್ಲಿಯೂ ಕೊಂಡಿ ಕಳಚಿಲ್ಲ. ಆದರೂ ಆನೆಯಷ್ಟು ದೊಡ್ಡ ವಸ್ತು ಹಾಡಿನ ನಡುವೆ ಕಾಣೆಯಾಯಿತು. ಮೇಲೆ ಹೇಳಿದ ಲಕ್ಷಣಕ್ಕೆ ಇದಕ್ಕಿಂತ ತುಂಬಿದ ಲಕ್ಷ್ಯ, ಎಂದರೆ ಉದಾಹರಣೆ, ಗುಂಪಿನಲ್ಲಿ ಬೇರೊಂದಿಲ್ಲ.

ಮಕ್ಕಳಿಗೆ ಕೊಬ್ಬರಿ ಸಿಕ್ಕಿದ್ದೇ ಪ್ರಯೋಜನವಲ್ಲವೇ, ಪ್ರಯೋಜನವಿರುವುದು ಪೆದ್ದು ಹೇಗಾದೀತು ಎಂಬುದು ಕೊನೆಯ ಶಂಕೆ. ಸಿಕ್ಕಿದ್ದು ಹಾಡಿನೊಳಗೆ ಮಾತ್ರ. ಹಾಡಿ ಮುಗಿಸಿದ ಮಗುವಿನ ಕೈಯಲ್ಲಿ ಕೊಬ್ಬರಿಯಿರುವುದಿಲ್ಲ. ಹಾಗೆಂದು ಯಾವ ಮಗುವೂ ದೂರಿದ್ದಿಲ್ಲ, ಮತ್ತೆ ಮೊದಲಿನಿಂದ ಹಾಡುತ್ತದೆ.

‘ಹಾಡೇ’ ಎಂಬಲ್ಲಿನ ಏಕಾರವು ಅವಧಾರಣೆ, ಎಂದರೆ ಇದೊಂದೇ, ಬೇರೆಯದಲ್ಲ ಎಂಬ ಒತ್ತು. ಜಗಲಿಯಲ್ಲಿ ಈ ಏಕಾರವನ್ನು ಒಪ್ಪದವರು ಇನ್ನೂ ಇದ್ದಾರೆ. ಉದ್ದಿನ ಮೂಟೆಯ ಪಕ್ಷದವರು ಶರಣಾಗಿಲ್ಲ. ಅಂಥವರು ಆನೆಗಿಂತ ದೊಡ್ಡದೊಂದನ್ನು ಕರೆತಂದು, ಕಾರಣಸಹಿತವಾಗಿ ಅದನ್ನು ಕಳೆದುಬಿಡುವ ಹಾಡನ್ನು ತೋರಿಸತಕ್ಕದ್ದು. ತೋರಿಸುವ ತನಕ ತೀರ್ಪು ಇದೇ.